ಮೂಲ: ಜನಪದ

ಆ ಹೆಸರು ಜನಪದದ್ದಲ್ಲ. ಒಬ್ಬಳು ನನ್ನನ್ನು ನಂಬಿ, ನನಗೊಬ್ಬಳಿಗೇ ಹೇಳಿದ ಹೆಸರು ಅದು. ನಾನು ಅದನ್ನು ಒಂದು ಧಾರಾವಾಹಿಗೆ ಕೊಟ್ಟೆ. ಆಮೇಲೆ ಊದ್ ಮೇಥಾದ ಸಭಾಂಗಣದಲ್ಲಿ, ನಿಮ್ಮೆಲ್ಲರ ಎದುರು ಅವಳು ಎದ್ದು ನಿಂತು ನಿಜ ಹೇಳಿದಾಗ, ಅದು ನಿಜವಲ್ಲ ಎಂದು ಮೈಕಿನಲ್ಲಿ ಹೇಳಿದೆ.

ನಡೆದದ್ದು ಇಷ್ಟೇ. ಇಷ್ಟಕ್ಕೇ ನಿಲ್ಲಿಸಬಹುದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇದು ಸಣ್ಣ ತಪ್ಪಿನಂತೆ ಕಾಣುತ್ತದೆ — ಎರಡು ವರ್ಷ ನಾನೂ ಅದನ್ನು ಹಾಗೆಯೇ ಕಂಡೆ.

ನಾನು ಗ್ರೆಟ್ಟಾ. ದುಬೈಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ಧಾರಾವಾಹಿಗಳ ಸಂಭಾಷಣೆ ತಿದ್ದುವುದು, ಡಬ್ಬಿಂಗಿಗೆ ಮಾತು ಹೊಂದಿಸುವುದು ನನ್ನ ಕೆಲಸ. ಅವಳು ಸುಶೀಲಾ, ಆಸ್ಪತ್ರೆಯ ಲ್ಯಾಬ್ ಟೆಕ್ನಿಶಿಯನ್. ಕರಾಮಾದ ಒಂದೇ ಕೋಣೆಯಲ್ಲಿ ನಾವಿಬ್ಬರು ಒಂಬತ್ತು ವರ್ಷ ಇದ್ದೆವು. ನನಗಿಂತ ಆರು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ನಮ್ಮ ಕರಾವಳಿಯವರು ಇಲ್ಲಿ ಸಿಕ್ಕಿದರೆ ಮೊದಲು ಏನು ಕೇಳುತ್ತೇವೆ ಎಂದು ನಿಮಗೆ ಗೊತ್ತು. ಯಾವ ಊರು? ಊರಲ್ಲಿ ಎಲ್ಲಿ? ಮನೆ ಯಾವುದು? ತಂದೆ ಯಾರು? ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಎದುರಿಗಿದ್ದವರ ಜಾತಿ ತಿಳಿದಿರುತ್ತದೆ, ಐದನೆಯದು ಬೇಕಾಗುವುದಿಲ್ಲ. ಸುಶೀಲಾ ಮೊದಲ ಪ್ರಶ್ನೆಗೇ "ಉಡುಪಿ ಹತ್ತಿರ" ಎಂದು ನಗುತ್ತಿದ್ದಳು. ಇನ್ನೂ ಕೆದಕಿದರೆ, "ಇಲ್ಲಿ ಎಲ್ಲರೂ ಉಡುಪಿ ಹತ್ತಿರವೇ ಅಲ್ವಾ ಮಾರಾಯ್ರೇ" ಎಂದು ಮಾತು ಹಾರಿಸಿಬಿಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ನಾನೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಅದನ್ನು ನನ್ನ ಒಳ್ಳೆಯತನ ಎಂದು ತಿಳಿದಿದ್ದೆ.

ಅವಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಅದರ ಹಿಂದಿನ ದಿನ ಮಧ್ಯಾಹ್ನ, ಆಸ್ಪತ್ರೆಗೆ ಒಯ್ಯುವ ಬಟ್ಟೆ ಮಡಚುತ್ತಾ, ತಲೆ ಎತ್ತದೆ ಹೇಳಿದಳು —

"ಅಕ್ಕ, ನಾಳೆಯಿಂದ ನಂಗೆ ಮಗಳು ಹುಟ್ಲಿಕ್ಕೆ ಇಲ್ಲ. ಒಂದು ಹೆಸರು ಉಂಟು. ಅದು ನನ್ನಲ್ಲೇ ನಿಂತು ಹೋದ್ರೆ ಸರಿ ಆಗುದಿಲ್ಲ. ನಿಮ್ಮಲ್ಲಿ ಇರ್ಲಿ."

ಅವಳ ಅಜ್ಜಿಯ ಅಜ್ಜಿಯನ್ನು ಒಂದು ಗದ್ದೆಯ ಜೊತೆಗೆ ಬೇರೆ ಮನೆಗೆ ಕೊಟ್ಟಿದ್ದರು. ಕಾಗದದ ಮೇಲೆ ಗುಲಾಮಗಿರಿ ಆಗಲೇ ಮುಗಿದಿತ್ತು, ಗದ್ದೆಯಲ್ಲಿ ಮುಗಿದಿರಲಿಲ್ಲ. ಇಂಥವರ ಮಕ್ಕಳಿಗೆ ಯಜಮಾನರ ಮನೆಯವರೇ ಹೆಸರಿಡುತ್ತಿದ್ದರು, ಹುಟ್ಟಿದ ವಾರದ ಹೆಸರು. ಸೋಮವಾರ ಹುಟ್ಟಿದವರೆಲ್ಲ ಒಂದೇ ಹೆಸರಿನವರು. ಆದರೆ ಆಕೆಯ ತಾಯಿ ಮಗುವಿಗೆ ಇನ್ನೊಂದು ಹೆಸರಿಟ್ಟಿದ್ದಳು, ಗುಡಿಸಲಿನ ಒಳಗೆ ಮಾತ್ರ ಕರೆಯುವ ಹೆಸರು. ಯಜಮಾನನ ಬಾಯಿಗೆ ಅದು ಸಿಗಬಾರದು, ಅಷ್ಟೇ ಅದರ ಉದ್ದೇಶ. ಗದ್ದೆ, ದನ, ಕೈಕಾಲು ಎಲ್ಲವೂ ಅವನದ್ದು. ಆ ಹೆಸರು ಮಾತ್ರ ಅವನದ್ದಲ್ಲ. ಆಮೇಲೆ ಆಕೆಯ ವಂಶದ ಹಿರಿಮಗಳಿಗೆ ಮದುವೆಯ ಮುಂಚೆ ಅದನ್ನು ಕಿವಿಯಲ್ಲಿ ಹೇಳುವುದು ರೂಢಿಯಾಯಿತು. ಯಾರಿಗೂ ಅದನ್ನು ಮತ್ತೆ ಇಡುವುದಿಲ್ಲ, ಸುಮ್ಮನೆ ತಿಳಿದಿರುವುದು.

ಸುಶೀಲಾ ನನ್ನ ಹತ್ತಿರ ಬಂದು ಅದನ್ನು ಕಿವಿಯಲ್ಲೇ ಹೇಳಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಕಿವಿಯಲ್ಲೇ.

ಅದಾಗಿ ಐದು ವರ್ಷಕ್ಕೆ, ಅವಳು ಬೇರೆ ಕೋಣೆಗೆ ಹೋದ ಮೇಲೆ, ನಾನು ಆ ಧಾರಾವಾಹಿಯ ಕೆಲಸಕ್ಕೆ ಸೇರಿದೆ. ಅದನ್ನು ನೀವೆಲ್ಲ ನೋಡಿದ್ದೀರಿ, ಬೈದಿದ್ದೀರಿ, ಹೊಗಳಿದ್ದೀರಿ. ಗುಲಾಮಗಿರಿ ನಿಲ್ಲಿಸುವ ಕಾನೂನು ನಮ್ಮ ಕರಾವಳಿಗೆ ಬಾರದೇ ಹೋಗಿದ್ದರೆ ಇವತ್ತು ಹೇಗಿರುತ್ತಿತ್ತು ಎಂಬ ಕಲ್ಪನೆ: ಮೊಬೈಲು, ಮಾಲು, ವಿಮಾನ ಎಲ್ಲ ಇರುವ ಈ ಕಾಲದಲ್ಲೇ, ಆಸ್ತಿ ಭಾಗ ಮಾಡುವಾಗ ಆಳುಗಳನ್ನೂ ಭಾಗ ಮಾಡುವ ಮನೆತನ. ನಿರ್ದೇಶಕ ನಿತಿನ್ ಮುಂಬೈಯಲ್ಲಿ ಬೆಳೆದ ಕನ್ನಡದವನು. ಕೆಟ್ಟವನಲ್ಲ. ನಾಯಕಿಗೆ ಇಟ್ಟಿದ್ದ ಹೆಸರು ಅವನಿಗೆ ಹಿಡಿಸಿರಲಿಲ್ಲ.

"ಸಪ್ಪೆ ಆಯ್ತು ಗ್ರೆಟ್ಟಾ. ನೀವು ಆ ಕಡೆಯವರು, ಏನಾದ್ರೂ ಒರಿಜಿನಲ್ ಕೊಡಿ."

ಮೇಜಿನ ಸುತ್ತ ಏಳು ಜನ ಇದ್ದರು. ನಾನು ಹೇಳಿಬಿಟ್ಟೆ. ಹೆಸರನ್ನೂ ಹೇಳಿದೆ, ಅದರ ಹಿಂದಿನ ಕತೆಯನ್ನೂ — ಯಾರದ್ದೆಂದು ಮಾತ್ರ ಹೇಳಲಿಲ್ಲ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಅಷ್ಟು ಜನ ನನ್ನ ಮಾತಿಗೆ ಸುಮ್ಮನಾದದ್ದು ನನಗೆ ಹಿತವಾಯಿತು. ಒತ್ತಾಯ ಇರಲಿಲ್ಲ, ಬೆದರಿಕೆ ಇರಲಿಲ್ಲ. ಆ ಹಿತ ಇತ್ತು. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು.

ನಮ್ಮಲ್ಲಿ ಒಂದು ವಿವರಪಟ್ಟಿ ಇರುತ್ತದೆ. ಕತೆಯೊಳಗೆ ಬರುವ ಪ್ರತಿಯೊಂದು ಹೆಸರು, ಆಚರಣೆ, ಪದಕ್ಕೂ ಒಂದು ಸಾಲು. ಅದರ ಮುಂದೆ 'ಮೂಲ', 'ಅನುಮತಿ' ಎಂಬ ಎರಡು ಅಂಕಣ. ಮೂಲ ಪುಸ್ತಕವಾದರೆ ಪುಟದ ಸಂಖ್ಯೆ ಕೇಳುತ್ತಾರೆ. ವ್ಯಕ್ತಿಯಾದರೆ ಸಹಿ ತರಬೇಕು. ಜನಪದ ಎಂದು ಬರೆದರೆ ಅನುಮತಿಯ ಜಾಗದಲ್ಲಿ ಒಂದು ಗೆರೆ ಎಳೆದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಜನಪದವೆಂದರೆ ಎಲ್ಲರದ್ದು, ಎಂದರೆ ಯಾರದ್ದೂ ಅಲ್ಲ. ಈ ಕೆಲಸದಲ್ಲಿರುವ ನಮಗೆಲ್ಲ ಈ ದಾರಿ ಗೊತ್ತು. ನೆನಪಾಗದ ಮೂಲಕ್ಕೆಲ್ಲ ಹಾಗೆ ಬರೆಯುತ್ತೇವೆ. ನನಗೆ ನೆನಪಿತ್ತು. ಕರಾಮಾದಿಂದ ಅವಳ ಲ್ಯಾಬಿಗೆ ಇಪ್ಪತ್ತು ನಿಮಿಷದ ದಾರಿ. ಹೋಗಿ ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು, ಆದ್ದರಿಂದ —

ಜನಪದ ಎಂದು ಬರೆದು ಗೆರೆ ಎಳೆದೆ.

ರಾಸ್ ಅಲ್ ಖೋರ್‌ನ ಒಂದು ಗೋದಾಮಿನೊಳಗೆ ಚಾವಡಿಯ ಸೆಟ್ ಹಾಕಿದ್ದರು. ಪಕ್ಕದಲ್ಲಿ ಲಾರಿ ರಿಪೇರಿಯವರ ಸದ್ದು ನಿಂತಾಗ ಮಾತ್ರ ಶೂಟಿಂಗ್. ಯಜಮಾನನ ಪಾತ್ರದವನು ಚಾವಡಿಯಲ್ಲಿ ಕುಳಿತು ನಾಯಕಿಯನ್ನು ಕೂಗಿ ಕರೆಯುವ ದೃಶ್ಯ. ಗುಟ್ಟಿನ ಹೆಸರು ಯಜಮಾನನಿಗೆ ಗೊತ್ತಾಗಿಬಿಟ್ಟಿದೆ. ಅವಳನ್ನು ಮುರಿಯಲು ಅವನು ಅದನ್ನೇ ಬಳಸುತ್ತಾನೆ. ಅದು ನಿತಿನ್ ಹೊಸೆದ ತಿರುವು, ಒಳ್ಳೆಯ ತಿರುವೆಂದು ನಾನೂ ಮೆಚ್ಚಿದ್ದೆ. ಆ ನಟ ನಮ್ಮ ಕಡೆಯವನಲ್ಲ, ಅವನ ಬಾಯಲ್ಲಿ ಹೆಸರು ಸರಿಯಾಗಿ ಬರುತ್ತಿರಲಿಲ್ಲ. ಅವನ ಪಕ್ಕದಲ್ಲಿ ನಿಂತು ಹನ್ನೊಂದು ಸಲ ಹೇಳಿಕೊಟ್ಟವಳು ನಾನು. ಹನ್ನೆರಡನೆಯ ಸಲ ಸರಿಯಾಯಿತು. "ಯಲ್ಲಾ, ಟೇಕ್!" ಎಂದು ಯಾರೋ ಅರಬಿಯಲ್ಲಿ ಅವಸರಿಸಿ ಕೂಗಿದರು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿದೆ.

ಆ ಕೂಗು ರೀಲ್ ಆಯಿತು. ಗಂಡಂದಿರು ಹೆಂಡತಿಯರನ್ನು, ಗೆಳತಿಯರು ಗೆಳತಿಯರನ್ನು ಹಾಗೆ ಕೂಗಿ ಕರೆದು ನಕ್ಕರು. ಸುಶೀಲಾ ಧಾರಾವಾಹಿ ನೋಡಿರಲಿಲ್ಲ. ಅವಳಿಗೆ ಅದು ತಲುಪಿದ್ದು ಲ್ಯಾಬಿನ ಊಟದ ಕೋಣೆಯಲ್ಲಿ, ಜೊತೆಯ ನರ್ಸೊಬ್ಬಳ ಮೊಬೈಲಿನಿಂದ. ಇದನ್ನು ನಾನು ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಬಂದದ್ದು ಒಂದು ಫೋನ್ ಮಾತ್ರ. ಎತ್ತಲಿಲ್ಲ. ಎರಡನೆಯ ಸಲ ಅವಳು ಮಾಡಲಿಲ್ಲ.

ಇನ್ನು ಊದ್ ಮೇಥಾದಲ್ಲಿ ಧಾರಾವಾಹಿಯ ಬಗ್ಗೆ ನಡೆದ ಆ ಸಂವಾದ. ನಿಮ್ಮಲ್ಲಿ ಹೆಚ್ಚಿನವರು ಅಲ್ಲಿದ್ದಿರಿ. ವೇದಿಕೆಯಲ್ಲಿ ನಿತಿನ್, ನಾನು, ಮತ್ತು ನಡೆಸಿಕೊಡಲು ನಮ್ಮ ಸಂಘದ ಶೇಖರಣ್ಣ. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟಾಗಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ನಮ್ಮ ಅಜ್ಜನ ಕಾಲದಲ್ಲಿ ಆಳುಗಳು ಮನೆಯವರ ಹಾಗೇ ಇದ್ರು. ಗುಲಾಮರು ಅಂತ ಎಂತ ತೋರಿಸುದು ನೀವು, ಊರಿನ ಮಾನ ತೆಗೀಲಿಕ್ಕೆ?" ಎಂದರು. ಹಿಂದಿನಿಂದ ಒಂದು ಹೆಣ್ಣುದನಿ — "ಮನೆಯವರಾದ್ರೆ ಮನೆಯೊಳಗೆ ಬಿಡ್ತಿದ್ರಾ ಅಣ್ಣ?" ನಗು ಎದ್ದಿತು. ಒಬ್ಬ ಹುಡುಗಿ, "ಇಟ್ಸ್ ಜಸ್ಟ್ ಎ ವಾಟ್-ಇಫ್, ಅಂಕಲ್" ಎಂದಳು. ಬೇರೆ ಬೇರೆ ಕಾರಣಕ್ಕೆ ಎಲ್ಲರೂ ಸಿಟ್ಟಾಗಿದ್ದರು. ಆದರೂ ಸಿಟ್ಟಿನಲ್ಲಿ ಒಂದು ಸಂಜೆ ಕಳೆಯುವ ಉತ್ಸಾಹವಿತ್ತು.

ಆಗ ಬಲಗಡೆಯ ಗೋಡೆ ಹತ್ತಿರ ಸುಶೀಲಾ ಎದ್ದಳು. ಅವಳು ಬಂದದ್ದು ನನಗೆ ಗೊತ್ತಿರಲಿಲ್ಲ. ಮೈಕ್ ಅವಳವರೆಗೆ ಹೋಗುವಷ್ಟರಲ್ಲಿ ಮಾತು ಆರಂಭವಾಗಿತ್ತು.

"ಆ ಹೆಸರು ಕತೆಯದ್ದಲ್ಲ. ನನ್ನ ಅಜ್ಜಿಯ ಅಜ್ಜಿಯದ್ದು. ಅದನ್ನು ತೆಗೀರಿ. ಬೇರೆ ಎಂತ ಬೇಕಾದ್ರೂ ಮಾಡ್ಕೊಳ್ಳಿ, ಅದೊಂದು ತೆಗೀರಿ."

ಶೇಖರಣ್ಣ ಮರ್ಯಾದೆಯಿಂದಲೇ ಕೇಳಿದರು, "ನಿಮ್ದು ಉಡುಪಿ ಹತ್ತಿರ ಅಲ್ವಾ ಸಿಸ್ಟರ್? ಊರಲ್ಲಿ ಎಲ್ಲಿ? ಮನೆ ಯಾವುದು?"

ಅವಳು ಹೇಳಿದಳು. ಊರು, ಊರಿನಲ್ಲಿ ಎಲ್ಲಿ, ಯಾವ ಮನೆಯ ಗದ್ದೆಯಲ್ಲಿ ಅವರಿದ್ದದ್ದು, ತಂದೆಯ ಹೆಸರು, ಅಜ್ಜನ ಹೆಸರು. ಇಷ್ಟು ವರ್ಷ ನಕ್ಕು ಹಾರಿಸಿದ ಎಲ್ಲ ಪ್ರಶ್ನೆಗಳಿಗೂ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟಳು. ಸಭೆ ಲೆಕ್ಕ ಹಾಕಿತು. ಲೆಕ್ಕ ಹಾಕುವುದು ಮುಖಗಳಲ್ಲಿ ಕಾಣುತ್ತಿತ್ತು. ಅವಳ ಪಕ್ಕದ ಕುರ್ಚಿಯ ಹೆಂಗಸು ಮಡಿಲಲ್ಲಿದ್ದ ಬ್ಯಾಗನ್ನು ಇನ್ನೊಂದು ಕಡೆಗೆ ಸರಿಸಿದಳು. ಯಾಕೆ ಸರಿಸಿದಳೋ, ನನಗೆ ಖಚಿತವಿಲ್ಲ. ಕಂಡದ್ದನ್ನು ಹೇಳುತ್ತಿದ್ದೇನೆ.

"ಆದ್ರೂ ಒಂದು ಪುರಾವೆ ಅಂತ..." ಎಂದರು ಶೇಖರಣ್ಣ.

"ಗ್ರೆಟ್ಟಕ್ಕನಿಗೆ ಗೊತ್ತುಂಟು. ಅವರನ್ನು ಕೇಳಿ."

ಅವಳು ನನ್ನನ್ನು ದೂರಲಿಲ್ಲ. ನಾನೇ ಕದ್ದದ್ದೆಂದು ಹೇಳಬಹುದಿತ್ತು, ಹೇಳಲಿಲ್ಲ. ಸಾಕ್ಷಿ ಹೇಳಲು ಕರೆದಳು, ಅಷ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು. ನಿತಿನ್ ಮೈಕನ್ನು ನನ್ನ ಮುಂದೆ ಸರಿಸಿದ. ನಾನು ಹೇಳಿದ್ದು ಆರು ಶಬ್ದ:

"ಅದು ಜನಪದದಲ್ಲಿರುವ ಹೆಸರು. ತುಂಬಾ ಕಡೆ ಕೇಳಿದ್ದೇನೆ."

ನನ್ನ ವೀಸಾ ಆ ತಿಂಗಳೇ ನವೀಕರಣಕ್ಕೆ ಹೋಗಿತ್ತು, ಕಂಪೆನಿಯ ಕೈಯಲ್ಲಿತ್ತು. ಇದನ್ನು ಹೇಳಬಾರದು ಎಂದುಕೊಂಡಿದ್ದೆ, ನೆಪದಂತೆ ಕೇಳುತ್ತದೆ ಎಂದು. ಹೇಳಿಬಿಟ್ಟೆನಲ್ಲ. ಇರಲಿ — ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ವೀಸಾ ಇರಲಿಲ್ಲ. ಹೆಗಲ ಮೇಲಿದ್ದ ಶಾಲು ಇತ್ತು.

ಸುಶೀಲಾ ಮೈಕ್ ತಂದವರಿಗೆ ವಾಪಸು ಕೊಟ್ಟು, ಕುರ್ಚಿಯನ್ನು ಸಾಲಿಗೆ ಸರಿಯಾಗಿ ಹಿಂದೆ ತಳ್ಳಿ ಹೊರಗೆ ಹೋದಳು. ಅವಳು ದಾಟುವಾಗ ಯಾರೋ "ಪಬ್ಲಿಸಿಟಿ" ಎಂದರು. ಆ ವಾರ ವಾಟ್ಸಾಪ್ ಗುಂಪುಗಳಲ್ಲಿ ಅವಳ ಬಗ್ಗೆ ಏನೇನು ಬಂತೆಂದು ನೀವೂ ಓದಿದ್ದೀರಿ. ಸುಳ್ಳುಗಾರ್ತಿ ಎಂದರು, ಇಷ್ಟು ವರ್ಷ ಜಾತಿ ಮುಚ್ಚಿಟ್ಟವಳೆಂದರು. ಎರಡನ್ನೂ ಒಂದೇ ಸಂದೇಶದಲ್ಲಿ ಬರೆದವರಿದ್ದರು. ಮೂರು ತಿಂಗಳೊಳಗೆ ಅವಳು ಕೆಲಸ ಬದಲಿಸಿ ಅಬುಧಾಬಿಗೆ ಹೋದಳು.

ಎರಡು ವರ್ಷ ಕಳೆದವು. ಕಳೆದ ತಿಂಗಳು ನಿತಿನ್ ಕಚೇರಿಯಿಂದ ಒಂದು ಕಾಗದ ಬಂತು. ಧಾರಾವಾಹಿಯ ಎರಡನೆಯ ಭಾಗಕ್ಕೆ ಆ ಹೆಸರನ್ನೇ ಶೀರ್ಷಿಕೆಯಾಗಿ ಇಡುತ್ತಾರಂತೆ, ಕಂಪೆನಿಯ ಹೆಸರಿನಲ್ಲಿ ನೋಂದಣಿ ಮಾಡಿಸುತ್ತಾರಂತೆ. ಆ ಹೆಸರಿಗೆ ಬೇರೆ ಹಕ್ಕುದಾರರಿಲ್ಲ ಎಂದು ನಾನು ಸಹಿ ಮಾಡಬೇಕು. ಹಳೆಯ ವಿವರಪಟ್ಟಿಯ ಪ್ರತಿಯನ್ನೂ ಜೊತೆಗೆ ಇಟ್ಟಿದ್ದರು. ನನ್ನದೇ ಅಕ್ಷರ, ನಾನೇ ಎಳೆದ ಗೆರೆ. ಆ ಕುಟುಂಬ ಯಜಮಾನನಿಂದ ಉಳಿಸಿಕೊಂಡಿದ್ದ ಆ ಒಂದೂ ಈಗ ಮಾಲೀಕರೊಬ್ಬರ ಹೆಸರಿಗೆ ಬರೆದುಹೋಗುವುದರಲ್ಲಿತ್ತು.

ಬಸ್ ಹಿಡಿದು ಅಬುಧಾಬಿಗೆ ಹೋದೆ. ಖಲೀಫಾ ಸಿಟಿಯ ಒಂದು ವಿಲ್ಲಾದ ಹಿಂಬದಿಯ ಕೋಣೆಯಲ್ಲಿ ಅವಳಿದ್ದಾಳೆ. ಬಾಗಿಲು ತೆರೆದವಳು ನನ್ನನ್ನು ಒಳಗೆ ಕರೆದು ಕುಳ್ಳಿರಿಸಿದಳು, ನೀರು ಕೊಟ್ಟಳು. ಕಾಗದ ತೋರಿಸಿದೆ. ನಿಧಾನವಾಗಿ ಓದಿದಳು.

"ಕಾನೂನು ಬರದಿದ್ರೆ ಹೇಗಿರ್ತಿತ್ತು ಅಂತ ಅಲ್ವಾ ಇವರ ಕತೆ? ನಮ್ಮ ಮನೆಗೆ ಅದು ಯಾವಾಗ ಬಂತು ಅಂತ ಯಾರಾದ್ರೂ ಕೇಳಿದ್ರಾ ಅಕ್ಕ?"

ನಾನು ಕ್ಷಮೆ ಕೇಳಿದೆ. ಕೇಳುವಾಗ ಅತ್ತುಬಿಟ್ಟೆ, ಅದು ಬೇಡವಾಗಿತ್ತು. ಅವಳು ಅಳು ನಿಲ್ಲುವವರೆಗೆ ಕಾದಳು.

"ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ," ಎಂದಳು. "ಮೊದಲು ಆ ಹೆಸರು ನೆನಪಾದ್ರೆ ನನ್ನ ಅಮ್ಮನ ಸ್ವರ ಕೇಳ್ತಿತ್ತು. ಈಗ ಆ ನಟನ ಸ್ವರ ಕೇಳ್ತದೆ. ಎಷ್ಟು ಪ್ರಯತ್ನ ಮಾಡಿದ್ರೂ ಅಮ್ಮನದ್ದು ಬರುದಿಲ್ಲ."

ಹನ್ನೊಂದು ಸಲ ಹೇಳಿಕೊಟ್ಟದ್ದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಈ ಹಾಳೆಗಳ ಪ್ರತಿಯನ್ನು ಅವಳಿಗೂ ಕಳಿಸುತ್ತೇನೆ, ಅದರಲ್ಲಿ ಓದಿಯೇ ತಿಳಿಯುತ್ತಾಳೆ. ಅದೂ ನನ್ನ ಹೇಡಿತನವೇ.

ಹೊರಡುವಾಗ ಕೇಳಿದೆ, ನಾನು ಏನು ಮಾಡಲಿ ಎಂದು. "ನಂಗೆ ಹೇಳಿ ಎಂತ ಪ್ರಯೋಜನ? ನಂಗೆ ಗೊತ್ತಿದ್ದದ್ದೇ ಅಲ್ವಾ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ. ನನ್ನ ಹೆಸರು ಹಾಕ್ಲಿಕ್ಕಡ್ಡಿಯಿಲ್ಲ, ಈಗ ಎಲ್ಲರಿಗೂ ಗೊತ್ತುಂಟು. ಆ ಹೆಸರು ಮಾತ್ರ ಹಾಕ್ಬೇಡಿ." ಬಾಗಿಲವರೆಗೆ ಬಂದು, "ನಾನು ಬರುದಿಲ್ಲ," ಎಂದಳು.

ಕಾಗದಕ್ಕೆ ಸಹಿ ಮಾಡಲಿಲ್ಲ. ಮೂಲ ಸುಶೀಲಾ, ಅನುಮತಿ ಇಲ್ಲ, ನಾನು ಮೊದಲು ಬರೆದದ್ದು ಸುಳ್ಳು — ಇಷ್ಟನ್ನು ಬರೆದು ಕಳಿಸಿದ್ದೇನೆ. ನಿತಿನ್ ಫೋನ್ ಮಾಡಿ, "ವಕೀಲರನ್ನು ಕೇಳ್ತೇನೆ," ಎಂದ. ಅವರು ಶೀರ್ಷಿಕೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿಟ್ಟರೂ ಆ ಕೂಗು ಎಷ್ಟು ಮೊಬೈಲುಗಳಲ್ಲಿ ಉಳಿದಿದೆಯೋ.

ಸಂಘದ ಸಭೆಯಲ್ಲಿ ಮಾತಾಡಲು ಶೇಖರಣ್ಣನಲ್ಲಿ ಹತ್ತು ನಿಮಿಷ ಕೇಳಿದೆ. "ಖಲಾಸ್ ಆದ ವಿಷಯ ಮತ್ತೆ ಯಾಕೆ, ಬಾಯಮ್ಮ?" ಎಂದರು. ಆಮೇಲೆ ನಾನು ಏನನ್ನು ಒಪ್ಪಿಕೊಳ್ಳಲಿದ್ದೇನೆ ಎಂದು ಹೇಳಿದಾಗ, ಈ ಭಾನುವಾರ ಸಂಜೆ ನಾಲ್ಕಕ್ಕೆ ಎಂದರು. ಅದೇ ಸಭಾಂಗಣ. ಈ ಹಾಳೆಗಳನ್ನೇ ಓದುತ್ತೇನೆ, ಮೊದಲ ಸಾಲಿನಿಂದ. ಅವಳು ಬರುವುದಿಲ್ಲ, ಬಾ ಎಂದು ಕರೆಯುವ ಹಕ್ಕು ನನಗಿಲ್ಲ.

ಬಾಗಿಲ ಕಡೆ ನೋಡದೆ ಓದಲು ಪ್ರಯತ್ನಿಸುತ್ತೇನೆ.