ಗಾಳದ ಗಾಯವಿಲ್ಲದ ಮೀನು

ನನ್ನ ಭಾವನ ಮೇಲೆ ನನಗೆ ಇವತ್ತಿಗೂ ಒಂದು ಸಿಟ್ಟಿದೆ. ಬೇರೆ ಯಾವ ವಿಷಯದಲ್ಲಿ ಸುಳ್ಳು ಹೇಳಿದ್ದರೂ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಮೀನಿನ ವಿಷಯದಲ್ಲಿ, ಅದೂ ನಾನು ತೋರಿಸಿದ ಹೊಳೆಯ ಹೆಸರು ಹೇಳಿ, ನನಗೇ ಸುಳ್ಳು ಹೇಳಿದರಲ್ಲ!

ಭಾವ ಅಂದರೆ ಅಕ್ಕನ ಗಂಡ. ದೊಡ್ಡ ಲಾಂಡ್ರಿಯೊಂದರ ನೆಲಮಾಳಿಗೆಯಲ್ಲಿ ಇಸ್ತ್ರಿ ಕೆಲಸ. ಎದುರಿಗೆ ಗೋಡೆ, ಪಕ್ಕದಲ್ಲಿ ಹೋಟೆಲುಗಳ ಹಾಸುಬಟ್ಟೆಯ ಗುಡ್ಡೆ, ದಿನವಿಡೀ ಮುಖಕ್ಕೆ ಹಬೆ. ಕಿಟಕಿ ಅಂತ ಒಂದಿದೆ, ಅದರಲ್ಲಿ ಕಾಣೋದು ದಾರಿಹೋಕರ ಚಪ್ಪಲಿ ಮಾತ್ರ. ಮನುಷ್ಯ ಬಲು ಮೆತ್ತಗೆ. ಜೋರಾಗಿ ಕೆಮ್ಮಿದ್ದನ್ನೂ ನಾನು ಕೇಳಿಲ್ಲ. ರಜೆ ಬಂತೆಂದರೆ ನನ್ನ ಹಳೇ ಗಾಳದ ಕೋಲು ಹೆಗಲಿಗೇರಿಸಿ ಹೊಳೆಗೆ ಹೊರಡುತ್ತಿದ್ದರು. ಸಂಜೆ ಎರಡು ಮೂರು ಮೀನು ತಂದು ಅಕ್ಕನ ಕೈಗಿಡುತ್ತಿದ್ದರು.

"ಗುರುಗಿಂತ ಶಿಷ್ಯನೇ ವಾಸಿ ಕಣೋ. ನೀನು ಹೋದ್ರೆ ಬರೀ ಬಿಸಿಲು ಕಾಯಿಸ್ಕೊಂಡು ಬರ್ತೀಯ," ಅಂತ ಅಕ್ಕ ಚುಚ್ಚುತ್ತಿದ್ದಳು. ನಾನು ಗೇಟು, ಗ್ರಿಲ್ಲು ಬೆಸೆಯುವ ವೆಲ್ಡರ್. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಒಂದು ಸಂಜೆ ಅಕ್ಕನ ಮನೆಯಲ್ಲಿ ಅವಳ ಅತ್ತೆ, ಪಕ್ಕದ ಮನೆಯವರು ಎಲ್ಲ ಕೂತಿದ್ದರು. ಅಕ್ಕ ಮೀನಿನ ತಟ್ಟೆ ತಂದು ತೋರಿಸಿ ಗಂಡನನ್ನು ಹೊಗಳಿದ್ದೇ ಹೊಗಳಿದ್ದು. ನಾನು ಒಂದನ್ನೆತ್ತಿ ಬಾಯಿ ಬಿಡಿಸಿದೆ. ತುಟಿ ಹರಿದಿಲ್ಲ, ಗಂಟಲಲ್ಲಿ ತೂತಿಲ್ಲ. ಕಿವಿರಿನ ಹತ್ತಿರ ಬಲೆಯ ದಾರ ಒತ್ತಿದ ಗೆರೆ. ಇನ್ನೊಂದೂ ಹಾಗೇ.

"ಏನ್ ಭಾವ, ಇವೇನು ತಾವಾಗೇ ನಡ್ಕೊಂಡು ಬಂದು ನಿಮ್ಮ ಚೀಲ ಹತ್ತಿದ್ವಾ? ಗಾಳದ ಗಾಯ ಎಲ್ಲಿ? ಮಾರ್ಕೆಟ್ಟಿನ ಮೀನು ತಂದು ಹೊಳೆ ಮೀನು ಅಂತೀರಾ?"

ಪಕ್ಕದ ಮನೆಯವರು ಗೊಳ್ಳೆಂದರು. ನಾನೂ ನಕ್ಕೆ. ಭಾವನ ತಾಯಿ ತಲೆ ತಗ್ಗಿಸಿದರು. ಅಕ್ಕ ತಟ್ಟೆ ಕಿತ್ತುಕೊಂಡು ಒಳಗೆ ಹೋದಳು. ಭಾವ ತಮ್ಮ ಅಂಗಿಯ ತೋಳನ್ನು ಬೆರಳಲ್ಲಿ ತೀಡುತ್ತಾ ಕೂತರು. ಆ ಬೆರಳು ನೋಡಿದ ಮೇಲೆ ನಾನು ನಗು ನಿಲ್ಲಿಸಿ ಹೊರಡಲು ಎದ್ದೆ.

ಹೊರಡುವಾಗ ಮೆಟ್ಟಿಲ ಮೇಲೆ ಭಾವನನ್ನು ಕೇಳಿದೆ, "ಒಂದ್ ಸಲನೂ ಹಿಡೀಲಿಲ್ವಾ?"

"ಹುಳು ಚುಚ್ಚೋಕೆ ಮನಸ್ಸು ಬರಲಿಲ್ಲ ಕಣೋ. ಸುಮ್ನೆ ಕೂತು ಹೊಳೆ ನೋಡ್ತಿದ್ದೆ."

"ಅದ್ರಲ್ಲಿ ನೋಡೋಕೇನಿದೆ?"

"ಬೆಳಿಗ್ಗೆ ನೀರು ಬೂದಿ ಬಣ್ಣ. ಬಿಸಿಲೇರಿದ್ರೆ ಆಚೆ ದಡದ ಮರಗಳೆಲ್ಲ ಸ್ನಾನಕ್ಕೆ ಇಳಿದ ಹಾಗೆ ನೀರೊಳಗೆ ನಿಲ್ತವೆ. ಗಾಳಿ ಬೀಸಿದ್ರೆ ಇಡೀ ಹೊಳೆಗೆ ಸುಕ್ಕು ಬೀಳುತ್ತೆ. ಅದನ್ನ ನಾನು ಇಸ್ತ್ರಿ ಮಾಡಬೇಕಾಗಿಲ್ಲ ನೋಡು."

"ಹಾಗಂತ ಹೇಳೇ ಹೋಗಬಹುದಿತ್ತಲ್ಲ?"

"ವಾರಕ್ಕೊಂದು ರಜ. ಸುಮ್ನೆ ಕೂತು ಬರ್ತೀನಿ ಅಂದ್ರೆ ಯಾರು ಬಿಡ್ತಾರೆ? ಮೀನು ತಂದ್ರೆ ಅದೂ ಒಂದು ಕೆಲಸ ಅನ್ನಿಸ್ಕೊಳ್ಳುತ್ತೆ."

ಗಾಳದ ಕೋಲು ತಂದು ನನ್ನ ಕೈಗೆ ಕೊಟ್ಟರು. "ತಗೋ. ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ಆಮೇಲಿನ ರಜೆಗಳಲ್ಲಿ ನಲ್ಲಿ ರಿಪೇರಿ ಮಾಡಿದರು, ಅಟ್ಟ ಗುಡಿಸಿದರು. "ನಾನೇ ಹೇಳ್ತಿದ್ದೀನಿ, ಹೋಗಿ ಕೂತು ಬನ್ನಿ," ಅಂತ ಅಕ್ಕ ಅತ್ತೂ ನೋಡಿದಳು. ಹೋಗಲಿಲ್ಲ. ನಾನು ಹೋಗಿ ಕರೆದೆ. ಕ್ಷಮಿಸಿ ಅನ್ನೋ ಮಾತು ನನ್ನ ಬಾಯಿಗೆ ರೂಢಿಯಿಲ್ಲ, "ಬನ್ನಿ ಭಾವ" ಅಂದೆ ಅಷ್ಟೆ.

"ನೀನು ಹೋಗಿ ಬಾ. ಬಂದು ಹೇಗಿತ್ತು ಅಂತ ಹೇಳು, ಸಾಕು."

ಹೂಂ ಅಂದುಬಿಟ್ಟೆ.

ಹೋಗುತ್ತೇನೆ. ಆದರೆ ಹುಟ್ಟಿದಾಗಿಂದ ನನ್ನ ಕಣ್ಣು ಗಾಳದ ದಾರಕ್ಕೆ ಕಟ್ಟಿದ ತೇಲುವ ಬೆಂಡಿನ ಮೇಲೇ. ಒಂದು ದಿನ ಕೋಲು ಬದಿಗಿಟ್ಟು ಬೇಕೆಂದೇ ನೋಡಿದೆ. ನೀರು ಕಂಡಿತು, ಮರ ಕಂಡಿತು, ಮಾತು ಹುಟ್ಟಲಿಲ್ಲ. ವಾಪಸು ಬರುವಾಗ ಭಾವ ತಮ್ಮ ಮನೆ ಬಾಗಿಲಲ್ಲೇ ನಿಂತಿರುತ್ತಾರೆ.

"ಹೇಗಿತ್ತೋ?"

"ಚೆನ್ನಾಗಿತ್ತು."

ಇನ್ನೇನಾದರೂ ಹೇಳುತ್ತಾನೇನೋ ಅಂತ ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ. ಹೊಳೆ ಹೇಗಿತ್ತು ಅಂತ ಬಂದು ಹೇಳೋಕೆ ಒಪ್ಪಿಕೊಂಡಿದ್ದು ನಾನೇ, ಒಂದು ಸಲವೂ ಸರಿಯಾಗಿ ಹೇಳಿಲ್ಲ. ಬೆವರು ಒರೆಸಿಕೊಂಡು ಮೆಟ್ಟಿಲಿಳಿದು ಬಂದುಬಿಡುತ್ತೇನೆ.