ಬಾಗಿಲು ಹಿಡಿದವರು

ನಮ್ಮ ಕಡೆ ಸೊಸೆ ಮೊದಲ ಸಲ ಗಂಡನ ಮನೆಗೆ ಬಂದಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿರುತ್ತಾರೆ. ಅದನ್ನು ಒದ್ದು ಒಳಗೆ ಹೋಗುವ ಮೊದಲು ಅವಳು ಗಂಡನ ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ನಡೆಯುವುದಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರ ತುದಿಗೆ ಹೆಸರು ಕೂಡಿಸಬೇಕು. ಅಲ್ಲಿಯವರೆಗೆ ನಾದಿನಿ ಚೌಕಟ್ಟಿನ ಎರಡೂ ಕಡೆಗೆ ಕೈ ಹಚ್ಚಿ ನಿಂತಿರುತ್ತಾಳೆ, ಬಿಡುವುದಿಲ್ಲ. ಉಳಿದವರಿಗೆಲ್ಲ ಅದು ನಗೆಯ ಹೊತ್ತು. ಮದುವೆ ಗೊತ್ತಾದ ದಿನದಿಂದ ನನಗಿದ್ದದ್ದು ಅದೊಂದೇ ಅಂಜಿಕೆ. ನನಗೆ ಉಗ್ಗು ಇತ್ತು.

ಇತ್ತು ಏನು, ಈಗಲೂ ಇದೆ.

ನನ್ನನ್ನು ಬೆಳೆಸಿದವಳು ಅವ್ವನ ಅವ್ವ. ಆಯಿ ಎನ್ನುತ್ತಿದ್ದೆವು. ಹಿರೇಕೆರೂರಿನ ಹತ್ತಿರ ಹಳ್ಳಿ. ನಾನು ಮಾತು ಕಲಿತದ್ದೆಲ್ಲ ಅವಳ ಮಗ್ಗುಲಲ್ಲಿ ಕೂತು, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ. ಸಾಲೆಯಲ್ಲಿ ಮಾಸ್ತರರು ಹಾಜರಿ ಕರೆದರೆ ಬರೀ ಕೈ ಎತ್ತುತ್ತಿದ್ದೆ. ಆಯಿಯ ಮುಂದೆ ಗಾದೆ, ಒಗಟು, ಒಡಪು ಎಲ್ಲ ಕಾಲುವೆ ನೀರಿನಂತೆ ಹರಿಯುತ್ತಿದ್ದವು. ಅವಳ ಮುಂದೆ ನಾನು ಯಾವ ಮಾತಿಗೂ ಉಗ್ಗಿದವಳಲ್ಲ, ನಮ್ಮವರ ಹೆಸರೊಂದನ್ನು ಬಿಟ್ಟು. ಅದು ಎರಡೂ ತುಟಿ ಮುಚ್ಚಿ ಶುರುವಾಗುವ ಹೆಸರು. ಒಮ್ಮೆ ಮುಚ್ಚಿದರೆ ನನ್ನ ತುಟಿ ತೆರೆಯುವುದು ದೇವರಿಗೆ ಬಿಟ್ಟದ್ದು.

ಬೇಸಿಗೆಯ ಮದುವೆ. ದಿಬ್ಬಣದ ಗಾಡಿ ಸವಣೂರು ಮುಟ್ಟಿದಾಗ ನಡುಮಧ್ಯಾಹ್ನ. ಚಪ್ಪಲಿ ಬಿಟ್ಟು ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ನಿಂತೆ. ಕಲ್ಲು ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಆಯಿ ಕಟ್ಟಿಕೊಟ್ಟ ಒಡಪು ಬಾಯಿಗಿತ್ತು:

“ಹಿರೇಕೆರೂರ ಕೆರಿ ನೀರ ಕುಡದು ಬೆಳದೀನಿ,
ಸವಣೂರ ಎಲಿಬಳ್ಳಿ ಹಂಗ ಆಸರ ಬೇಡಿ ಬಂದೀನಿ…”

ಇಷ್ಟು ಸರಾಗವಾಗಿ ಬಂತು. ಮುಂದೆ ಹೆಸರು. ತುಟಿ ಮುಚ್ಚಿದವು. ಗಲ್ಲ ನಡುಗಿತು, ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಜನ ಮೊದಲು ಇದು ನಾಚಿಕೆ ಎಂದುಕೊಂಡರು. ಆಮೇಲೆ ತಿಳಿಯಿತು. ಬಾಗಿಲು ಹಿಡಿದಿದ್ದ ನಾದಿನಿ, ನಮ್ಮವರ ಅಕ್ಕ, ನನ್ನ ಮಾರಿಯನ್ನೇ ನೋಡಿ, ಹಿಂದಿನವರಿಗೂ ಕೇಳುವ ಹಾಗೆ ಹೇಳಿದಳು:

“ಬಸ್ ಚಾಲೂ ಆಗವಲ್ದು. ಒಂದ್ ನಾಕ್ ಮಂದಿ ಇಳದು ದಬ್ರಿ.”

ಎಂಥ ನಗೆ ಎದ್ದಿತು ಎಂದರೆ ಬ್ಯಾಂಡಿನವರೂ ಊದುವುದು ನಿಲ್ಲಿಸಿ ನಕ್ಕರು. ಮಕ್ಕಳು ಬಸ್ಸಿನ ಸದ್ದು ಮಾಡಿದವು. ಯಾರೋ ಫೋನು ಎತ್ತಿ ಹಿಡಿದರು. ನಾನು ಒಂದು ಕಾಲು ಎತ್ತಿ, ಅದನ್ನು ಇಟ್ಟು ಇನ್ನೊಂದು ಎತ್ತುತ್ತಿದ್ದೆ. ಮಗ್ಗುಲಲ್ಲೇ ನಿಂತಿದ್ದ ನಮ್ಮವರ ಕಡೆ ನೋಡಿದೆ. ಅವರೂ ನಗುತ್ತಿದ್ದರು. ಕೊನೆಗೆ ನಾದಿನಿಯ ಸಣ್ಣ ಮಗಳು ಬೇಸತ್ತು ಸೋದರಮಾವನ ಹೆಸರನ್ನು ತಾನೇ ಕೂಗಿಬಿಟ್ಟಳು. ಇನ್ನೊಬ್ಬರ ನಾಲಿಗೆಯಿಂದ ಬಾಗಿಲು ತೆರೆಯಿತು. ಸೇರು ಒದ್ದು ಒಳಗೆ ಹೋದೆ.

ಆ ವಿಡಿಯೋ ಮನೆತನದ ವಾಟ್ಸಾಪಿನಲ್ಲಿ ಎಷ್ಟು ಊರು ತಿರುಗಿತೋ ತಿಳಿಯದು. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ಕಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಸುರಿಯ ಕುಬುಸದ ಕಾರ್ಯವಿರಲಿ, ಕೂಸಿನ ತೊಟ್ಟಿಲ ಕಾರ್ಯವಿರಲಿ, ಹೆಂಗಸರು ಸೇರಿದಲ್ಲೆಲ್ಲ ಹೆಸರು ಹೇಳಿಸುವ ಆಟ ಇದ್ದೇ ಇರುತ್ತದೆ, ಮತ್ತು ಎಲ್ಲರಿಗಿಂತ ಮೊದಲು ನನ್ನನ್ನೇ ಎಬ್ಬಿಸುತ್ತಿದ್ದರು. ಹಾನಗಲ್ಲಿನ ಒಂದು ಕುಬುಸದಲ್ಲಿ ನಾನು ಹಿತ್ತಲ ಬಚ್ಚಲಲ್ಲಿ ಅಗಳಿ ಹಾಕಿಕೊಂಡು ಕೂತಿದ್ದೆ. ನಾದಿನಿ ಬಾಗಿಲು ಬಡಿದು ಹುಡುಕಿ ತೆಗೆದಳು. ಆಮೇಲೆ ಯಾರು ಕರೆದರೂ ಜ್ವರ ಎಂದು ಸುಳ್ಳು ಹೇಳಲು ಕಲಿತೆ. ಆಸ್ಪತ್ರೆಯ ಕಿಟಕಿಯಲ್ಲಿ ಗಂಡನ ಹೆಸರು ಕೇಳಿದರೆ ಆಧಾರ್ ಕಾರ್ಡನ್ನು ಒಳಗೆ ತಳ್ಳುತ್ತಿದ್ದೆ, ಮೂಕಿಯ ಹಾಗೆ.

ಬಾಣಂತನಕ್ಕೆ ಆಯಿಯ ಮನೆಗೆ ಹೋದೆ. ಕೂಸಿಗೆ ಮೂರು ತಿಂಗಳಾಗುತ್ತ ಬಂದಿತ್ತು. ಅತ್ತೆಯ ಮನೆಗೆ ತಿರುಗಿ ಹೋಗುವುದಿಲ್ಲವೆಂದು ಒಂದು ಮುಂಜಾನೆ ಆಯಿಗೆ ಹೇಳಿದೆ. ಯಾಕೆಂದು ಕೇಳಿದಳು. ಬಾಗಿಲ ಕಥೆ, ಬಚ್ಚಲ ಕಥೆ ಎಲ್ಲ ಹೇಳಿದೆ. ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಆಯಿ ಹೊಸ್ತಿಲ ಮೇಲೆ ಅಡ್ಡ ಕೂತಿದ್ದಳು, ಕೈಯಲ್ಲಿ ಬಡಿಗೆ.

ಗಂಡನ ಹೆಸರು ಹೇಳಿ ಒಳಗೆ ಹೋಗು ಎಂದಳು. ನಾನು ಚೇಷ್ಟೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಒಳಗೆ ಕೂಸು ಎದ್ದು ಅಳತೊಡಗಿತು. ನನ್ನ ಎದೆ ಹಾಲು ಸೋರಿ ರವಿಕೆ ತೊಯ್ಯಿತು. ಕೈ ಮುಗಿದೆ, ಬೈದೆ, ಅತ್ತು ಕರೆದೆ. ಆಯಿ ಕದಲಲಿಲ್ಲ. ಕೂಸಿನ ದನಿ ಅತ್ತು ಅತ್ತು ಒಡೆಯಿತು. ನಾನು ನೆಲ ನೋಡುತ್ತ ಹೆಸರಿಗಾಗಿ ತಿಣುಕುತ್ತಿದ್ದಾಗ ಬಡಿಗೆಯಿಂದ ನನ್ನ ಗಲ್ಲ ಎತ್ತಿದಳು.

“ನೆಲ ಯಾಕ ನೋಡ್ತಿ? ಮಾತು ನೆಲದಾಗ ಬಿದ್ದಿಲ್ಲ. ಉಗ್ಗು ಬಂದ್ರ ಬರ್ಲಿ, ನಗೋರ ಮಾರಿ ನೋಡಿಕೋತ ನಿಂದ್ರು. ಕಾಯಿಸು ಅವ್ರನ್ನ. ನಾಚಿಕಿ ಯಾರಾರ ಒಬ್ರು ಪಡಬೇಕಲ್ಲ, ಅವ್ರ ಪಡ್ಲಿ.”

ಅವಳ ಮಾರಿ ನೋಡಿದೆ. ಆಗ ನನಗೆ ಅವಳ ಮೇಲೆ ಹುಟ್ಟಿದ ಸಿಟ್ಟು ಇನ್ಯಾರ ಮೇಲೂ ಹುಟ್ಟಿರಲಿಲ್ಲ. ಹೆಸರು ತುಂಡು ತುಂಡಾಗಿ ಹೊರಬಿತ್ತು. ಬಡಿಗೆ ಸರಿಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಒಂದು ತಿಂಗಳು ಹೀಗೆ ಬೇಯಿಸಿ ನನ್ನನ್ನು ಸವಣೂರಿಗೆ ಕಳಿಸಿದಳು.

ಮುಂದಿನ ಬೇಸಿಗೆಯಲ್ಲಿ ಮೈದುನನ ಮದುವೆಯಾಯಿತು. ಶಿಗ್ಗಾವಿ ಕಡೆಯ ಹುಡುಗಿ. ತಾಯಿ ಇರಲಿಲ್ಲ, ಅಪ್ಪನೇ ಬೆಳೆಸಿದ್ದ. ದಿಬ್ಬಣ ಬಂತು. ಅದೇ ಬಾಗಿಲು, ಅದೇ ಕಲ್ಲು, ಅದೇ ಹೊತ್ತು. ಹೊಸಬಳ ಒಡಪಿಗಿಂತ ಮೊದಲು, ಬಾಗಿಲು ಹಿಡಿದಿದ್ದ ನಾದಿನಿ ನನ್ನತ್ತ ತಿರುಗಿದಳು.

“ಮೊದಲ ನಮ್ಮ ಹಳೇ ಬಸ್ ಬಿಡ್ರಿ, ಆಮ್ಯಾಲೆ ಹೊಸಾದು.”

ಫೋನುಗಳು ಎದ್ದವು. ನಾನು ಅದೇ ಒಡಪು ಹೇಳಿದೆ. ಹೆಸರಿಗೆ ಬಂದಾಗ ತುಟಿ ಮುಚ್ಚಿದವು. ಮಕ್ಕಳು ಸದ್ದು ಶುರುಮಾಡಿದವು. ನಾನು ನೆಲ ನೋಡಲಿಲ್ಲ. ನಾದಿನಿಯ ಕಣ್ಣಲ್ಲಿ ಕಣ್ಣಿಟ್ಟು ನಿಂತೆ. ಅವಸರ ಮಾಡಲಿಲ್ಲ. ನಗೆ ಒಂದು ಸುತ್ತು ಹೊಡೆದು ತಣ್ಣಗಾಯಿತು. ಯಾರೋ ಕೆಮ್ಮಿದರು. ನಾದಿನಿ ಸೆರಗು ಸರಿಮಾಡಿಕೊಂಡಳು, ಆಕಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನಾನು ಅಲ್ಲೇ ಇದ್ದೆ. ಅವಳು ಕಣ್ಣು ಕೆಳಗಿಳಿಸಿದಳು. ಆಗ ಹೆಸರು ಬಂತು, ಉಗ್ಗಿನ ಸಮೇತ, ಇಡಿಯಾಗಿ.

ನಾದಿನಿ ಚೌಕಟ್ಟಿನಿಂದ ಕೈ ತೆಗೆದಳು. ಮನೆಯ ಹಿರಿಸೊಸೆ ನೀನು, ಬಾಗಿಲು ನೀನೇ ಹಿಡಿ ಎಂದಳು. ಹಿಡಿದೆ.

ಆ ಹುಡುಗಿಗೆ ಉಗ್ಗು ಇರಲಿಲ್ಲ. ಒಡಪು ಕಲಿಸುವವರು ಯಾರೂ ಇರಲಿಲ್ಲ, ಅಷ್ಟೆ. ಅದು ನನಗೆ ಗೊತ್ತಿತ್ತು. ಬಾಯಿ ತೆರೆದಳು, ದನಿ ಬರಲಿಲ್ಲ. ಎಲ್ಲರೂ ನನ್ನ ಮಾರಿ ನೋಡುತ್ತಿದ್ದರು. ಬಾಯಿಗೆ ಬಂದ ಮಾತು ಎಲ್ಲೂ ತಡೆಯದೆ ಹೊರಬಂತು: “ಇದೂ ಚಾಲೂ ಆಗವಲ್ದಲ್ರಿ. ದಬ್ರಿ.”

ಈ ಸಲದ ನಗೆ ನನ್ನದು. ನಾದಿನಿ ಎಲ್ಲರಿಗಿಂತ ಜೋರಾಗಿ ನಕ್ಕು ಮೊದಲ ಸಲ ನನ್ನ ಹೆಗಲ ಮೇಲೆ ಕೈ ಹಾಕಿದಳು. ಅದು ಎಷ್ಟು ರುಚಿಯಾಗಿತ್ತೆಂದರೆ, ಆ ಹುಡುಗಿ ಅಳುತ್ತ ಗಂಡನ ಹೆಸರು ಹೇಳುವ ತನಕ ನಾನು ಚೌಕಟ್ಟಿನಿಂದ ಕೈ ತೆಗೆಯಲಿಲ್ಲ.

ಅಂದಿನಿಂದ ನನ್ನ ಅಂಜಿಕೆ ಹೋಯಿತು. ಆಸ್ಪತ್ರೆಯ ಕಿಟಕಿಯಲ್ಲಿ, ರೇಷನ್ ಅಂಗಡಿಯಲ್ಲಿ, ಯಲವಿಗಿ ರೈಲ್ವೆ ಸ್ಟೇಷನ್ನಿನಲ್ಲಿ ತಲೆ ಎತ್ತಿ ಮಾತಾಡಿದೆ. ಉಗ್ಗಿದರೆ ಉಗ್ಗಿದೆ, ಅವರು ಕಾದರು. ಹಿಗ್ಗಿನಿಂದ ಮೈದುನನ ಮದುವೆಯ ಆ ವಿಡಿಯೋ ತೆಗೆದುಕೊಂಡು ಆಯಿಯ ಹತ್ತಿರ ಹೋದೆ. ಕನ್ನಡಕ ಏರಿಸಿ ನೋಡಿದಳು. ನಾದಿನಿ ಕಣ್ಣಿಳಿಸಿದಲ್ಲಿ ಅವಳ ಬಾಯಿ ಅರಳಿತು. ನನ್ನ ಭಾಗ ಮುಗಿಯಿತೆಂದು ಫೋನಿಗೆ ಕೈ ಚಾಚಿದೆ. ಇರು ಎಂದು ಕೈ ಸರಿಸಿದಳು. ಕೊನೆಯವರೆಗೆ ನೋಡಿದಳು, ಮತ್ತೊಮ್ಮೆ ಹಾಕು ಎಂದು ನನ್ನಿಂದಲೇ ಹಾಕಿಸಿ ನೋಡಿದಳು. ಆಮೇಲೆ ಕೇಳಿದಳು:

“ಬಾಗಲ ಮುಂದ ನಿಂತ ಆ ಕೂಸು ಕಾಲು ಯಾಕ ಎತ್ತೆತ್ತಿ ಇಡಾಕತ್ತೈತಿ?”

ಬಿಸಿಲಿಗೆ ಕಲ್ಲು ಸುಡುತ್ತಿತ್ತು ಎನ್ನಬೇಕಿತ್ತು, ಅಷ್ಟೆ. ತುಟಿ ಮುಚ್ಚಿದವು, ತೆರೆಯಲಿಲ್ಲ. ಆಯಿ ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮಾರಿ ನೋಡುತ್ತ ಕೂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.