ಆರ್ಟೆಮಸ್ ಹ್ಯಾಸ್ಕೆಟ್ ಹೇಳಿದ ಹೆಸರು

ವಕೀಲ ಆರ್ಟೆಮಸ್ ಹ್ಯಾಸ್ಕೆಟ್ ತೀರಿಕೊಂಡು ಎರಡು ವರ್ಷವಾಯಿತು. ಅವನ ಬಗ್ಗೆ ಬರೆಯಲು ಕೆಂಟಕಿಯ ನಮ್ಮ ಸಣ್ಣ ಕೌಂಟಿಯಲ್ಲಿ ನನಗಿಂತ ಯೋಗ್ಯರಿದ್ದಾರೆ. ಆದರೆ ಅವನು ಚುನಾವಣೆಗೆ ನಿಂತ ದಿನ ಮತದ ಪುಸ್ತಕ ಬರೆದವನು ನಾನು.

ಅವನು ಗೇಣಿದಾರನ ಮಗ. ಹೊಲದ ಬದುವಿನಲ್ಲಿ ಕೂತು ಕಾನೂನು ಓದಿದವನು. ಹನ್ನೊಂದು ವರ್ಷ ಆರಿನ್ ಟಿಬೆಟ್ಸ್ ಎಂಬ ವಕೀಲನ ಜೊತೆ, ಊರಿಂದೂರಿಗೆ ಹೋಗಿ ಕೋರ್ಟು ನಡೆಸುವ ನ್ಯಾಯಾಧೀಶರ ಹಿಂದೆ, ಕುದುರೆಯ ಮೇಲೆ ತಿರುಗಿದ. ಹಗಲು ಕೋರ್ಟಿನಲ್ಲಿ ಕಿತ್ತಾಡಿದವರು ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. 1853ರಲ್ಲಿ ಶಾಸನಸಭೆಯ ಒಂದೇ ಸ್ಥಾನಕ್ಕೆ ಇಬ್ಬರೂ ನಿಂತರು.

ಆಗ ಮತ ಗುಟ್ಟಿನದಲ್ಲ. ಕೋರ್ಟಿನ ಜಗಲಿ ಹತ್ತಿ ಹೆಸರನ್ನು ಕೂಗಿ ಹೇಳಬೇಕು. ಆ ಹೆಸರಿನವನು ಟೋಪಿ ಎತ್ತಿ ವಂದಿಸುತ್ತಾನೆ. ಅಭ್ಯರ್ಥಿಗಳು ತಮ್ಮ ಎದುರಾಳಿಗೇ ಮತ ಕೊಡುವುದು ಮರ್ಯಾದೆ. ಬೆಳಿಗ್ಗೆ ಮೊದಲಿಗೇ ಟಿಬೆಟ್ಸ್ ಬಂದು "ಆರ್ಟೆಮಸ್ ಹ್ಯಾಸ್ಕೆಟ್!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದ.

ಸಂಜೆ ಲೆಕ್ಕ ಓದಿದೆ. ಇಬ್ಬರಿಗೂ ಇನ್ನೂರ ಹನ್ನೊಂದು.

"ವಕೀಲರೇ, ಇನ್ನು ನೀವೊಬ್ರೇ ಉಳಿದಿರೋದು" ಎಂದ ಮತ ನಡೆಸುತ್ತಿದ್ದ ಶೆರಿಫ್, ಹ್ಯಾಸ್ಕೆಟ್ ಕಡೆ ತಿರುಗಿ.

ಟಿಬೆಟ್ಸ್ ಆಗಲೇ ಟೋಪಿಗೆ ಕೈ ಹಾಕಿದ್ದ. ಹ್ಯಾಸ್ಕೆಟ್ ನನ್ನ ಪುಸ್ತಕವನ್ನೇ ನೋಡುತ್ತ, "ಆರ್ಟೆಮಸ್ ಹ್ಯಾಸ್ಕೆಟ್" ಎಂದ.

ನನಗೆ ಕೇಳಿಸಿತ್ತು. ಆದರೂ "ಏನಂದ್ರಿ?" ಎಂದೆ. ಅವನು ಮತ್ತೊಮ್ಮೆ ಹೇಳಬೇಕಾಯಿತು.

"ಈಗ ಯಾರಿಗೆ ಟೋಪಿ ಎತ್ತೀರಿ? ಕನ್ನಡಿ ತರ್ಲಾ?" ಎಂದ ಕಮ್ಮಾರ ಪ್ರೂಯಿಟ್. ಜನ ಬಿದ್ದು ಬಿದ್ದು ನಕ್ಕರು. ಟಿಬೆಟ್ಸ್ ಮೆಲ್ಲಗೆ ಕೈ ಕೆಳಗಿಳಿಸಿದ.

ಒಂದೇ ಮತದಿಂದ ಗೆದ್ದ ಹ್ಯಾಸ್ಕೆಟ್ ಮಾರನೆಯ ದಿನ ನನ್ನನ್ನು ಸಾಕ್ಷಿಗೆಂದು ಕರೆದುಕೊಂಡು ಟಿಬೆಟ್ಸನ ಮನೆಗೆ ಹೋದ. ಟಿಬೆಟ್ಸ್ ಹಂದಿಗಳಿಗೆ ಮೇವು ಹಾಕುತ್ತಿದ್ದ.

"ರಾಜೀನಾಮೆ ಬರ್ದಿದೀನಿ ಆರಿನ್. ಮತ್ತೆ ಚುನಾವಣೆ ಆಗ್ಲಿ, ನೀನು ನಿಂತ್ಕೊ. ನಾನು ನಿಲ್ಲಲ್ಲ."

"ಬೇಡ ಮಾರಾಯ. ನೀನೇ ಸರಿ ಅಂತ ಊರ ಮುಂದೆ ಕೂಗಿದವನು ನಾನು. ರಾತ್ರಿ ಕಳೀತು ಅಂತ ಅದನ್ನ ಸುಳ್ಳು ಅನ್ಲಾ? ಹೋಗು, ಹೋಗಿ ಸಭೇಲಿ ಕೂತ್ಕೊ."

ಬೈದಿದ್ದರೆ ಹ್ಯಾಸ್ಕೆಟ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಕಾಗದವನ್ನು ಜೇಬಿಗೆ ಹಾಕಿಕೊಂಡ. 

ಎರಡು ವರ್ಷ ಸಭೆಯಲ್ಲಿ ಕೂತ. ನಮ್ಮ ಹೊಳೆಗೆ ಸೇತುವೆ ಮಾಡಿಸಿದ. ಯಾರಾದರೂ ಹೊಗಳಿದರೆ ಕಿವಿಯವರೆಗೆ ಕೆಂಪಾಗಿ, "ಟಿಬೆಟ್ಸ್‌ಗೆ ಹೇಳಿ" ಎನ್ನುತ್ತಿದ್ದ. ಮತ್ತೆಂದೂ ಚುನಾವಣೆಗೆ ನಿಲ್ಲಲಿಲ್ಲ.

ಒಮ್ಮೆ ಸಭೆಯಲ್ಲಿ ಕೂತವನಿಗೆ ನಮ್ಮಲ್ಲಿ ಸತ್ತ ಮೇಲೂ 'ಮಾನ್ಯ' ಎಂಬ ಬಿರುದು. ಮಕ್ಕಳು ಅದನ್ನು ಸಮಾಧಿಕಲ್ಲಿನ ಮೇಲೆ ಕೆತ್ತಿಸಲು ಹೊರಟಿದ್ದರು. ಉಯಿಲು ತೆರೆದು ನೋಡಿದರೆ, ಹೆಸರೊಂದೇ ಸಾಕು, ಬೇರೇನೂ ಬೇಡವೆಂದು ಬರೆದಿಟ್ಟಿದ್ದ.